ಹಸಿಗುಡಾಣದ ಕಟ್ಟೆ

ಕಾರೇನಾಡು ಗ್ರಾಮ ಪಂಚಾಯಿತಿ ಕಚೇರಿಯ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ, ಸೊಂಟದೆತ್ತರದ ಒಂದು ಕಲ್ಲುಕಟ್ಟೆ ಇದೆ. ಬಸ್ಸಿಗೆ ಕಾಯುವವರು ಅದರ ಮೇಲೆ ಕುಳಿತು ಕಡಲೆಕಾಯಿ ಸಿಪ್ಪೆ ಉದುರಿಸುತ್ತಾರೆ. ಆ ಕಚೇರಿಯಲ್ಲಿ ಹದಿನಾಲ್ಕು ವರ್ಷ ಕಾರ್ಯದರ್ಶಿಯಾಗಿದ್ದ ನಾನು ಆ ಸಿಪ್ಪೆ ಗುಡಿಸಿಸಿಯೇ ಹಣ್ಣಾದೆ. ಊರವರ ಬಾಯಲ್ಲಿ ಅದು ಹಸಿಗುಡಾಣದ ಕಟ್ಟೆ. ಯಾರೋ ಪುಣ್ಯಾತ್ಮರು ನಕ್ಷೆಯಲ್ಲಿ 'ಬಸ್ ತಂಗುದಾಣ' ಎಂದು ಬರೆದಿದ್ದಾರೆ, ಬರೆದುಕೊಳ್ಳಲಿ. ಗ್ರಾಮಕ್ಕೊಂದು, ತಾಲ್ಲೂಕಿಗೊಂದು, ಜಿಲ್ಲೆಗೊಂದು ಎಂದು ಪಂಚಾಯಿತಿಗಳು ಬಂದದ್ದು ನಮ್ಮ ಕಾಲದಲ್ಲಿ. ಅದಕ್ಕೂ ಎಷ್ಟೋ ತಲೆಮಾರು ಹಿಂದೆ ಎಂಟೂರಿನ ನಾಡಸಭೆ ಇದೇ ಕಟ್ಟೆಯ ಮೇಲೆ ಕೂಡುತ್ತಿತ್ತು ಎನ್ನುತ್ತಾರೆ. ನನಗೆ ಇದನ್ನು ಹೇಳಿದವರು ನಮ್ಮ ಸೋದರತ್ತೆ. ಅವರು ಹೇಳಿದಷ್ಟನ್ನೇ ಹೇಳುತ್ತೇನೆ, ಒಗ್ಗರಣೆ ಹಾಕುವುದಿಲ್ಲ.

ಆ ಸಭೆಯ ಕಟ್ಟುಪಾಡು ಹೀಗಿತ್ತಂತೆ. ಊರಿಗೊಬ್ಬ ಗೌಡನನ್ನು ಊರವರೇ ಆರಿಸಿ ಕಳಿಸುವರು. ಆ ಎಂಟು ಜನ ತಮ್ಮಲ್ಲೇ ಒಬ್ಬರನ್ನು ವರ್ಷದ ಮಟ್ಟಿಗೆ ನಾಡಗೌಡನೆಂದು ಒಪ್ಪುವರು. ಮರುವರ್ಷ ಆ ಪಟ್ಟ ಬೇರೆ ಊರಿಗೆ. ಯುಗಾದಿ ಕಳೆದ ಎಂಟನೆಯ ದಿನ ಪ್ರತಿ ಗೌಡನೂ ತನ್ನೂರ ಬಾವಿಯಿಂದ ಒಂದು ಬಿಂದಿಗೆ ನೀರು ಹೊತ್ತು ತರಬೇಕು. ಕಟ್ಟೆಯ ನಡುವೆ ಒಂದು ದೊಡ್ಡ ಮಣ್ಣಿನ ಗುಡಾಣ. ಮಾತು ಮುಗಿದ ಮೇಲೆ ತೀರ್ಮಾನ ಒಪ್ಪಿದವನು ತನ್ನ ನೀರನ್ನು ಗುಡಾಣಕ್ಕೆ ಸುರಿಯುವನು, ಒಪ್ಪದವನು ಬಿಂದಿಗೆಯನ್ನು ತೊಡೆಯ ಮೇಲೇ ಇಟ್ಟುಕೊಳ್ಳುವನು. ಒಂದೇ ಒಂದು ಬಿಂದಿಗೆ ಉಳಿದರೂ ತೀರ್ಮಾನ ಬಿದ್ದುಹೋಯಿತು. ಎಂಟೂ ಕೂಡಿದರೆ ಎಲ್ಲರೂ ಅದರಿಂದ ಒಂದೊಂದು ಗುಟುಕು ಕುಡಿಯುವರು, ಕುಡಿದ ಮಾತನ್ನು ಯಾರೂ ಮುರಿಯುವಂತಿಲ್ಲ. ನೀರು ಸುರಿಯುವವನಿಗೆ ಮಾತ್ರ ಸಭೆಯಲ್ಲಿ ಬಾಯಿ. ಉಳಿದವರು ನಾಡಗೌಡ ತಾನಾಗಿ ಕೇಳಿದರೆ ಉತ್ತರ ಕೊಡಬಹುದು, ಅಷ್ಟೇ. ಸಭೆಯ ನೀರನ್ನು ಕೆಡಿಸಿದವರಿಗೆ ನಾಡಿನಿಂದಲೇ ಗಡೀಪಾರು.

ಕಟ್ಟೆಯ ಪಡುವಣಕ್ಕಿದ್ದ ಕೆರೆಯ ಹಿನ್ನೀರಿನ ಅಂಚಿಗೆ ಇಪ್ಪತ್ತು ಮನೆಯ ಕುಂಬಾರಗೇರಿ ಇತ್ತು. ಸಭೆಗೆ ವರ್ಷವರ್ಷವೂ ಗುಡಾಣ ಮಾಡಿಕೊಡುತ್ತಿದ್ದವರು ಅವರೇ. ಆದರೆ ಅವರದು ಜೇಡಿಮಣ್ಣಿನ ನೆಲ, ಎಷ್ಟು ಅಗೆದರೂ ಬಾವಿ ನಿಲ್ಲದು. ಬಾವಿ ಇಲ್ಲ, ಆದ್ದರಿಂದ ಬಿಂದಿಗೆ ಇಲ್ಲ, ಬಿಂದಿಗೆ ಇಲ್ಲದ್ದರಿಂದ ಬಾಯಿಯೂ ಇಲ್ಲ. ಯಾರೂ ಕೆಟ್ಟವರಾಗಿ ಹೀಗೆ ಮಾಡಿದ್ದಲ್ಲ. ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ.

ಹಿಂದೆ ಒಮ್ಮೆ, ಸಣ್ಣತಮ್ಮೇಗೌಡರು ನಾಡಗೌಡರಾಗಿದ್ದ ವರ್ಷ, ಕೆರೆಯ ಏರಿಯನ್ನು ಎರಡಾಳು ಎತ್ತರಿಸುವ ಮಾತು ಎದ್ದಿತು. ಎತ್ತರಿಸಿದರೆ ಎಂಟೂರಿಗೂ ಭತ್ತ. ರಾಗಿಮುದ್ದೆಯಲ್ಲೇ ಹುಟ್ಟಿ ಬೆಳೆದವರಿಗೆ ಅನ್ನದ ಆಸೆ ಸಣ್ಣದಲ್ಲ. ಆದರೆ ಅಷ್ಟು ನೀರು ನಿಂತರೆ ಕುಂಬಾರಗೇರಿ ಪೂರಾ ಮುಳುಗುತ್ತಿತ್ತು. ಅವರಿಗೆ ಬೇರೆ ಕಡೆ ಜಾಗ ಕೊಟ್ಟರಾಯಿತು ಎಂದು ಗೌಡರೆಲ್ಲ ಸಲೀಸಾಗಿ ಅಂದುಕೊಂಡರು. ಜೇಡಿಮಣ್ಣು ಸಿಗುವುದು ಅದೊಂದೇ ಕಡೆ ಎಂಬುದನ್ನು ಅಲ್ಲಿ ಹೇಳುವವರು ಯಾರೂ ಇರಲಿಲ್ಲ.

ಕೇರಿಯ ಹಿರಿಯಳು ಹೊಂಬಾಳಮ್ಮ. ಐವತ್ತು ವರ್ಷದಿಂದ ಸಭೆಯ ಗುಡಾಣ ಅವಳ ಕೈಯದೇ. ಆ ವರ್ಷವೂ ತಂದಳು, ಕೆಮ್ಮಣ್ಣು ಬಳಿದು ನುಣ್ಣಗೆ ತಿಕ್ಕಿದ್ದಳು. ಕಟ್ಟೆಯ ನಡುವೆ ಇಟ್ಟು, ಕೆಳಗಿಳಿದು, ಒಂದು ಬಟ್ಟೆಗಂಟನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಳು. ಮಾತೆಲ್ಲ ಮುಗಿಯಿತು. ಗೌಡರು ಒಬ್ಬೊಬ್ಬರಾಗಿ ಎದ್ದು ನೀರು ಸುರಿದರು. ಮೂರನೆಯ ಬಿಂದಿಗೆಗೆ ಗುಡಾಣದ ಹೊಟ್ಟೆ ಜಗ್ಗಿತು. ಏಳನೆಯದಕ್ಕೆ ಅಂಚು ಬಾಗಿ, ಮೈ ಕರಗಿ, ಇಡೀ ಗುಡಾಣ ಕೂತಲ್ಲೇ ಕುಸಿದುಹೋಯಿತು. ಏಳೂರಿನ ನೀರು ಕೆಸರಾಗಿ ಕಟ್ಟೆಯಿಂದ ಹರಿಯಿತು. ತಾನೇ ಮಾಡಿದ್ದಾದರೂ ಹೊಂಬಾಳಮ್ಮನಿಗೆ ನೋಡಿ ನಿಲ್ಲಲಾಗಲಿಲ್ಲ. ಮೆಟ್ಟಿಲು ಹತ್ತಿ ಓಡಿಬಂದು ಎರಡೂ ಕೈಯಲ್ಲಿ ಆ ಮಣ್ಣನ್ನು ತಬ್ಬಿಕೊಂಡಳು.

ನಾಡಗೌಡರ ಬಿಂದಿಗೆ ಇನ್ನೂ ಅವರ ಕೈಯಲ್ಲೇ ಇತ್ತು. "ಇದೇನವ್ವ ಹೊಂಬಾಳವ್ವ, ಸುಡದೇ ಇರೋ ಗುಡಾಣ ತಂದಿದ್ದೀಯಲ್ಲ?" ಎಂದು ಕೇಳಿದರು.

ಅವಳಿಗೆ ಬೇಕಾಗಿದ್ದದ್ದು ಆ ಒಂದು ಪ್ರಶ್ನೆ. "ಬೇಕೂ ಅಂತಲೇ ತಂದೆ ಗೌಡ್ರೇ. ನೀವು ಕೇಳದೆ ನಾನು ಬಾಯಿ ಬಿಡೋ ಹಂಗಿಲ್ಲವಲ್ಲ" ಎಂದಳು. "ನಮ್ಮ ಮನೆ ಗೋಡೆಗಳೂ ಇದೇ ಮಣ್ಣಿನವು, ಸುಟ್ಟವಲ್ಲ. ನೀರು ಬಂದರೆ ಹಿಂಗೇ ಕೂತ್ಕೋತವೆ. ಹೆಂಗೆ ಅಂತ ನೀವೊಂದು ಸಲ ಕಣ್ಣಲ್ಲಿ ನೋಡ್ಲಿ ಅಂತ. ಈ ಮಣ್ಣು ಬಿಟ್ಟು ನಮಗೆ ಬೇರೆ ಬದುಕು ಗೊತ್ತಿಲ್ಲ." ಆಮೇಲೆ ದನಿ ಇಳಿಸಿ, "ಸಭೆ ನೀರು ಕೆಡಿಸಿದ್ದು ನಾನೊಬ್ಬಳೇ, ಕೇರಿಯೋರಿಗೆ ಗೊತ್ತಿಲ್ಲ. ಗಂಟು ಕಟ್ಕೊಂಡೇ ಬಂದಿದೀನಿ, ಹೊಂಟೋಯ್ತೀನಿ" ಎಂದಳು. ಅಷ್ಟು ಹೇಳುವ ಹೊತ್ತಿಗೆ ಅತ್ತುಬಿಟ್ಟಳು.

ಸಣ್ಣತಮ್ಮೇಗೌಡರು ಬಿಂದಿಗೆ ಹಿಡಿದೇ ಅವಳ ಬಳಿಗೆ ಬಂದರಂತೆ. ಆ ಮುದುಕಿಯ ಮೇಲೆ ಅವರಿಗೆ ಸಿಟ್ಟು ಬರಲಿಲ್ಲ, ತಮ್ಮ ಮೇಲೇ ನಾಚಿಕೆಯಾಯಿತು. ಅವಳೆದುರು ಕುಕ್ಕರಗಾಲಲ್ಲಿ ಕುಳಿತು, "ಕೈ ನೀಡವ್ವ" ಎಂದರು. ತೀರ್ಮಾನಕ್ಕೆಂದು ಹೊತ್ತು ತಂದಿದ್ದ ತಮ್ಮೂರ ನೀರನ್ನು ಅವಳ ಕೆಸರುಗೈಗೆ ನಿಧಾನವಾಗಿ ಸುರಿದು, ಬೆರಳು ಬೆರಳನ್ನೂ ತೊಳೆದರು. ಬಿಂದಿಗೆ ಬರಿದಾಯಿತು. ಬೇರೆ ಗುಡಾಣ ತರಿಸಿದರೂ ಸುರಿಯಲು ಎಂಟನೆಯ ನೀರೇ ಇರಲಿಲ್ಲ, ಏರಿ ಎತ್ತರಿಸುವ ತೀರ್ಮಾನ ಅಲ್ಲಿಗೆ ಬಿದ್ದಿತು. ಗೌಡರೇ ಅವಳ ಗಂಟನ್ನು ಎತ್ತಿಕೊಂಡು ಕೇರಿಯವರೆಗೆ ಜೊತೆಗೆ ನಡೆದು ಬಿಟ್ಟುಬಂದರು ಎನ್ನುತ್ತಾರೆ. ಅಂದಿನಿಂದ, ಯಾವ ತೀರ್ಮಾನದಿಂದ ಯಾರಿಗೆ ನಷ್ಟವೋ ಅವರನ್ನು ಮೊದಲು ಕಟ್ಟೆಗೆ ಕರೆದು, ನಾಡಗೌಡ ತಾನೇ ಅವರ ಕೈಗೆ ನೀರು ಹಾಕಿ, ಅವರ ಮಾತು ಕೇಳಿದ ಮೇಲೆಯೇ ಸಭೆ ಶುರುವಾಗಬೇಕೆಂದು ಕಟ್ಟುಪಾಡಾಯಿತು.

ಈಗ ಆ ಸಭೆಯಿಲ್ಲ. ಆದರೆ ಕಟ್ಟೆಯ ಮೇಲೆ ನಿಂತು ಪಡುವಣಕ್ಕೆ ನೋಡಿದವರಿಗೆ ಕೆರೆ ಕಾಣುತ್ತದೆ. ಏರಿ ಇಂದಿಗೂ ಗಿಡ್ಡ. ಎಂಟೂರಿನವರು ಇಂದಿಗೂ ರಾಗಿಯನ್ನೇ ಬೆಳೆಯುತ್ತಾರೆ, ಅದಕ್ಕಾಗಿ ಗೊಣಗುವವರೂ ಇದ್ದಾರೆ. ಒಳ್ಳೆಯ ಮಳೆಯ ವರ್ಷ ಕೋಡಿ ಬಿದ್ದಾಗ ಹಿನ್ನೀರು ಕುಂಬಾರಗೇರಿಯ ಕಡೆಯ ಮನೆಯ ಹತ್ತಿರಕ್ಕೆ ಬಂದು, ಜಗಲಿಯಿಂದ ಮೂರು ಮಾರು ದೂರದಲ್ಲಿ ನಿಲ್ಲುತ್ತದೆ. ಅಲ್ಲಿ ಹೆಂಗಸರು ಬಾಗಿಲಲ್ಲೇ ಕುಳಿತು ಕೈಗಂಟಿದ ಜೇಡಿಮಣ್ಣನ್ನು ತೊಳೆಯುತ್ತಿರುತ್ತಾರೆ.