ಮುಚ್ಚಳ ತೆಗೆದು ನೋಡಿದಾಕೆ

ಶಿಷ್ಯ ಕೇಳಿದ: "ಗುರುಗಳೇ, ಕಂಪ್ಯೂಟರನ್ನು ನಡೆಸುವ ಲಿನಕ್ಸ್‌ನಲ್ಲಿ ಲೆಕ್ಕವಿಲ್ಲದಷ್ಟು ಆವೃತ್ತಿಗಳಿವೆ. ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟು ಪರದೆ ಕಪ್ಪಾಗಬಾರದು ಎಂದರೆ ನನ್ನ ಕಂಪ್ಯೂಟರಿಗೆ ಯಾವುದನ್ನು ಹಾಕಲಿ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕರಡು ತಿದ್ದುವವನಿದ್ದ. ಅವನ ಕಣ್ಣು ಮುಕ್ಕಾಲು ಮಂಜಾಗಿತ್ತು. ಕಾಗದದ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ. ಪರದೆಯ ಮೇಲೆ ಅಂಗೈಯಗಲ ಮಾಡಿಕೊಂಡರೆ ಮಾತ್ರ ಓದಬಲ್ಲ. ಹಾಗೆ ಓದಿಯೇ ಮಕ್ಕಳ ನಿಘಂಟೊಂದರ ಕರಡನ್ನು ಮಕಾರದವರೆಗೆ ತಿದ್ದಿದ್ದ. ಉಳಿದದ್ದನ್ನು ಕಣ್ಣು ಪೂರ್ತಿ ಹೋಗುವ ಮೊದಲೇ ಮುಗಿಸಬೇಕಿತ್ತು.

ಆಗ ಗೆಳೆಯನೊಬ್ಬ ಬಂದು, ಹೊಸ ಆವೃತ್ತಿ ಬಂದಿದೆ, ಇದು ಬಿಟ್ಟರೆ ಇನ್ನಿಲ್ಲ ಎಂದು ಹೊಗಳಿ ಹಾಕಿಕೊಟ್ಟ. ಪರದೆ ಕಪ್ಪಾಯಿತು. ಇನ್ನೊಬ್ಬ ಗೆಳೆಯ ತನಗೆ ಪ್ರಿಯವಾದದ್ದನ್ನು ಹಾಕಿದ. ಅಕ್ಷರ ದೊಡ್ಡದು ಮಾಡಿದೊಡನೆ ಪರದೆ ನಡುಗತೊಡಗಿತು. ಮೂರನೆಯವನು ತನ್ನದೇ ಶ್ರೇಷ್ಠವೆಂದು ಪಟ್ಟು ಹಿಡಿದು ಅದನ್ನೂ ಹಾಕಿಹೋದ. ಅದೂ ಕೈಕೊಟ್ಟಿತು. ಸಲಹೆಗೇನು ಬರವೇ? ಹದಿನೈದು ದಿನ ಕಳೆಯಿತು, ಒಂದು ಪದವೂ ತಿದ್ದಲಾಗಲಿಲ್ಲ. ಅವನಿಗೆ ಅಳುವೇ ಬಂತು.

ಕೊನೆಗೆ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬಾಕೆಯನ್ನು ಕರೆಸಿದ. ನಿಮ್ಮ ಮನೆಯಲ್ಲಿ ಯಾವುದಿದೆಯೋ ಅದನ್ನೇ ಹಾಕಿಬಿಡಿ ಎಂದು ಬೇಡಿಕೊಂಡ.

"ನಮ್ಮನೇದು ನಮ್ಮನೆ ಕಂಪ್ಯೂಟರಿಗೆ ಸರಿ, ಸರ್. ನಿಮ್ಮದರೊಳಗೆ ಯಾವ ಕಾರ್ಡ್ ಇದೆ ಅಂತ ಮೊದಲು ಮುಚ್ಚಳ ತೆಗೆದು ನೋಡ್ತೀನಿ," ಎಂದಳು ಆಕೆ.

ಧೂಳು ಒರೆಸಿ ಗ್ರಾಫಿಕ್ಸ್ ಕಾರ್ಡಿನ ಸಂಖ್ಯೆ ಬರೆದುಕೊಂಡಳು. ಅಷ್ಟು ಹಳೆಯ ಕಾರ್ಡಿನ ಡ್ರೈವರನ್ನು ಯಾವ ಆವೃತ್ತಿಯವರು ಇನ್ನೂ ನೋಡಿಕೊಳ್ಳುತ್ತಿದ್ದಾರೆ ಎಂದು ಹುಡುಕಿದಳು. ಎರಡು ಸಿಕ್ಕವು. ಯಂತ್ರದೊಳಗೆ ಏನನ್ನೂ ಇಳಿಸದೆ ಪೆನ್‌ಡ್ರೈವ್‌ನಿಂದಲೇ ಮೊದಲನೆಯದನ್ನು ನಡೆಸಿದಳು. ಚೆನ್ನಾಗಿ ಓಡಿತು. ಇದೇ ಸಾಕು ಎಂದ ಅವನು. ಆಕೆ ಒಪ್ಪಲಿಲ್ಲ. ಅವನು ಗಂಟೆಗೊಮ್ಮೆ ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಕಣ್ಣು ಮುಚ್ಚಿ ಕೂರುತ್ತಾನೆ ಎಂಬುದನ್ನು ಕೇಳಿ ತಿಳಿದುಕೊಂಡಿದ್ದಳು. ತಾನೂ ಸ್ಲೀಪ್‌ಗೆ ಹಾಕಿ ಎಬ್ಬಿಸಿದಳು. ಪರದೆ ಬೆಳಗಲಿಲ್ಲ. ಆ ಪೆನ್‌ಡ್ರೈವ್ ತೆಗೆದು ಚೀಲಕ್ಕೆ ಹಾಕಿದಳು.

ಎರಡನೆಯದು ಹಳೆಯ ಆವೃತ್ತಿ, ನೋಟಕ್ಕೆ ಸಪ್ಪೆ. ಅದನ್ನು ನಡೆಸಿ, ಇದರಲ್ಲಿ ನಿಮ್ಮ ಕೆಲಸ ಮಾಡಿ ಎಂದು ಹೇಳಿ, ಸಂಜೆಯವರೆಗೆ ಪಕ್ಕದಲ್ಲೇ ಕುಳಿತಳು. ಗಂಟೆಗೊಮ್ಮೆ ಪರದೆ ಮಲಗಿತು, ಪ್ರತಿ ಸಲವೂ ಎದ್ದಿತು. ಆಮೇಲೆಯೇ ಅದನ್ನು ಒಳಗೆ ಇಳಿಸಿ ಎದ್ದು ಹೋದಳು. ನಿಘಂಟು ಹಕಾರದವರೆಗೂ ಮುಗಿಯಿತು.

ಇಷ್ಟು ಹೇಳಿ ಗುರುಗಳು ತಲೆದೂಗಿದರು. ತನಗೆ ಪ್ರಿಯವಾದದ್ದರ ಹೆಸರನ್ನು ಬಾಯಿಗೂ ತರದೆ, ಇನ್ನೊಬ್ಬರ ಯಂತ್ರಕ್ಕೆ ಒಗ್ಗುವುದನ್ನು ಅಷ್ಟು ತಾಳ್ಮೆಯಿಂದ ಹುಡುಕಿದವರನ್ನು ತಾವು ಹೆಚ್ಚು ಕಂಡಿಲ್ಲ, ಆಕೆಗೆ ಕೈಮುಗಿಯಬೇಕು ಎಂದರು.

ಶಿಷ್ಯನಿಗೂ ಆಕೆಯ ಮೇಲೆ ತುಂಬ ಗೌರವ ಮೂಡಿತು. ಅವನು ಪುಸ್ತಕ ತೆರೆದು, ಪೆನ್ನು ಹಿಡಿದು ಕೇಳಿದ: "ಗುರುಗಳೇ, ಆಕೆ ಹಾಕಿದ ಆವೃತ್ತಿಯ ಹೆಸರೇನು?"

"ಅದನ್ನು ಹೇಳಿದರೆ ಆ ಮೂವರ ಸಾಲಿನಲ್ಲಿ ನಾನು ನಾಲ್ಕನೆಯ ಗೆಳೆಯನಾಗುತ್ತೇನೆ," ಎಂದರು ಗುರುಗಳು.