ಜಪಾನಿಗೆ ಹೊರಟವರ ಧೈರ್ಯ

ಸಮ್ಮೇಳನಕ್ಕೆಂದು ಜಪಾನಿಗೆ ಹೊರಟಿದ್ದ ಪ್ರಾಂಶುಪಾಲ ಪಂಚಾಕ್ಷರಿಯವರು ಗುಮಾಸ್ತೆ ಲೀಲಕ್ಕನ ಮೇಲೆ ಗುಡುಗಿದರು. "ವಿಮಾನ ಎಲ್ಲಿ ಬದಲಿಸಬೇಕು, ಊಟ ಎಲ್ಲಿ, ಎಲ್ಲಾ ಬರೆದುಕೊಡಮ್ಮ. ದಾರೀಲಿ ನಾನು ಯಾರನ್ನೂ ಕೇಳೋನಲ್ಲ!"

ಲೀಲಕ್ಕ ಬರೆದುಕೊಟ್ಟಳು. ಆದರೂ ಅವರು ಬಂದು ಬಂದು ಅದನ್ನೇ ಕೇಳಿದರು. ಅದು ಅವರ ಮೊದಲ ವಿಮಾನ ಪ್ರಯಾಣ. ಲೀಲಕ್ಕನ ಕರುಳು ಚುರ್ ಎಂದಿತು.

"ಸಾರ್, ನಿಮ್ಮ ಜೊತೆ ಬರ್ತಿರೋ ಗಣಿತದ ಫಿಲೋಮಿನಾ ಮೇಡಂಗೆ ತುಂಬಾ ಭಯವಂತೆ. ನಾನು ಹೇಳಿದೆ ಅನ್ನಬೇಡಿ, ಸ್ವಲ್ಪ ನೋಡ್ಕೊಳ್ಳಿ."

ಅವರ ಎದೆ ಉಬ್ಬಿತು. "ನಾನಿದ್ದೀನಲ್ಲ!"

ಆಮೇಲೆ ಲೀಲಕ್ಕ ಮೇಡಂ ಹತ್ತಿರ ಹೋಗಿ, ಸಾರ್‌ಗೆ ತುಂಬಾ ಭಯವಂತೆ ಎಂದಳು. ಮೇಡಂಗೂ ಅದು ಮೊದಲ ವಿಮಾನ ಪ್ರಯಾಣವೇ.

ಸಮ್ಮೇಳನ ಮುಗಿಸಿ ಇಬ್ಬರೂ ನಗುನಗುತ್ತ ಮರಳಿದರು. "ಪಾಪ, ದಾರಿಯುದ್ದಕ್ಕೂ ಆಕೆಗೆ ಧೈರ್ಯ ಹೇಳಿದೆ" ಎಂದು ಸಾಹೇಬರು ಬೀಗಿದರು.

ಮೇಡಂ ಲೀಲಕ್ಕನ ಕಿವಿಯಲ್ಲಿ ಉಸುರಿದರು: "ಮುಂದಿನ ಸಲವೂ ಅವರನ್ನ ಒಂಟಿಯಾಗಿ ಕಳಿಸಬೇಡಿ, ಪಾಪ. ನಾನೇ ಹೋಗ್ತೀನಿ."