ಬೀಬಿಯವರು ಕೆಳಗಿಟ್ಟ ಬಟ್ಟಲು

ಶಂಖಕೋಡಿಯ ದರ್ಗಾದಲ್ಲಿ ಉರುಸಿನ ದಿನ ಹಂಚುವ ಕಹ್ವಾವನ್ನು ಔಷಧಿಯೆಂದು ಬಾಟಲಿಗೆ ತುಂಬಿಕೊಂಡು ಹೊರಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ದರ್ಗಾದ ಪೂಜ್ಯ ಸಫೂರಾ ಬೀಬಿಯವರು ತಾವು ಕಾಯಿಸಿದ ಆ ಅರಬ್ ಕಾಫಿಯನ್ನು ಯಾರಿಗೂ ಕಟ್ಟಿಕೊಟ್ಟವರಲ್ಲ. ಅಲ್ಲೇ ಕೂತು ಕುಡಿಯಬೇಕು, ಪಕ್ಕದಲ್ಲಿ ಯಾರೇ ಕೂತಿರಲಿ. ಹಾಗೆ ಕೂರಲು ಮನಸ್ಸಿಲ್ಲದವರಿಗೆ ಬಾಟಲಿ ಬೇಕಾಗುತ್ತದೆ. ಪುಣ್ಯಾತ್ಮರ ಕಥೆಯನ್ನು ಕೋಪದಿಂದ ಆರಂಭಿಸಬಾರದು, ನಿಜ. ಆದರೆ ಈ ಪ್ರಸಂಗದಲ್ಲಿ ಬೀಬಿಯವರಿಗೂ ಕೋಪ ಬಂದಿತ್ತು.

ಅದು ಹಾಯಿಹಡಗುಗಳ ಕಾಲ. ಹೊಳೆ ಸಮುದ್ರ ಸೇರುವಲ್ಲಿ, ದೋಣಿಕಡವಿನ ಪಕ್ಕ, ಬೀಬಿಯವರದೊಂದು ಗರಿಯ ಗುಡಿಸಲು. ಅವರ ಪತಿ ಯಮನ್ ದೇಶದವರು, ಕಡಲಿನಲ್ಲೇ ತೀರಿಕೊಂಡಿದ್ದರು. ಅವರಿಂದ ಉಳಿದದ್ದು ಕೊಕ್ಕಿನಂಥ ಮೂತಿಯ ಹಿತ್ತಾಳೆಯ ಹೂಜಿ, ಒಂದು ಕುಟ್ಟಾಣಿ, ಹಿಡಿಯಿಲ್ಲದ ಕೆಲವು ಪುಟ್ಟ ಬಟ್ಟಲುಗಳು. ಸಂಜೆಯ ಅಸರ್ ನಮಾಜು ಮುಗಿಸಿ ಬೀಬಿಯವರು ಹಸಿ ಕಾಫಿಬೀಜವನ್ನು ಕಬ್ಬಿಣದ ಸೌಟಿನಲ್ಲಿ ಹೊಂಬಣ್ಣಕ್ಕೆ ತಿರುಗುವಷ್ಟೇ ಹುರಿದು, ಏಲಕ್ಕಿ ಸೇರಿಸಿ ಕುಟ್ಟುತ್ತಿದ್ದರು. ಕುಟ್ಟಾಣಿಯ ಸದ್ದೇ ಕರೆಯೋಲೆ. ಅದನ್ನು ಕೇಳಿ ಯಾರು ಬಂದರೂ ಇಲ್ಲವೆನ್ನುವಂತಿರಲಿಲ್ಲ. ಹೂಜಿಯಲ್ಲಿ ನಿಧಾನವಾಗಿ ಕುದಿಸಿ, ಗಸಿ ಕೆಳಗಿಳಿಯಲು ಬಿಟ್ಟು, ಸಕ್ಕರೆ ಸೋಕಿಸದೆ, ಬಟ್ಟಲಿನ ತಳ ಮುಚ್ಚುವಷ್ಟು ಮಾತ್ರ ಬಗ್ಗಿಸುತ್ತಿದ್ದರು. ಕಡಿಮೆ ಬಗ್ಗಿಸಿದರೆ ಇನ್ನೂ ಕೂತಿರಿ ಎಂದರ್ಥ. ಅಂಚಿನವರೆಗೆ ತುಂಬಿದರೆ ಕುಡಿದು ಎದ್ದುಹೋಗಿ ಎಂದರ್ಥ. ಅರಬರ ಇನ್ನೊಂದು ಪದ್ಧತಿಯನ್ನೂ ಬೀಬಿಯವರು ಬಿಟ್ಟಿರಲಿಲ್ಲ. ಅತಿಥಿ ಕುಡಿಯದೆ ಬಟ್ಟಲನ್ನು ಕೆಳಗಿಟ್ಟರೆ ಅವರಿಗೊಂದು ಬೇಡಿಕೆಯಿದೆ ಎಂದು ತಿಳಿಯಬೇಕು. ಅದನ್ನು ಕೇಳದೆ, ನಡೆಸಿಕೊಡದೆ ಆ ಕಾಫಿ ಆರಲು ಬಿಟ್ಟ ಮನೆಗೆ ಮರ್ಯಾದೆಯಿಲ್ಲ.

ಆ ಬೇಸಿಗೆಯಲ್ಲಿ ಒಂದು ಸಂಜೆ, ಮೀನು ಮಾರುವ ನಾಗಿ ತನ್ನ ಬಟ್ಟಲನ್ನು ಚಾಪೆಯ ಮೇಲಿಟ್ಟುಬಿಟ್ಟಳು.

“ಬೀಬಿಯಮ್ಮಾ, ಹೊಂಡದ ಉಪ್ಪುನೀರು ಕುಡಿದು ಕೂಸು ಹಾಸಿಗೆ ಹಿಡೀತು. ಇವತ್ತು ನಂಗೆ ಕಹ್ವಾ ಬ್ಯಾಡ,” ಎಂದಳು.

ಊರಿಗೆಲ್ಲ ಸಿಹಿನೀರಿನ ಬಾವಿ ಒಂದೇ, ಅದು ಜಕರಿಯಾ ಸಾಹೇಬರ ಹಿತ್ತಲಿನಲ್ಲಿತ್ತು. ಸಾಹೇಬರು ಹಡಗು ಕಟ್ಟುವ ಮರ ಮಾರಿ ಸಿರಿವಂತರಾದವರು. ತಮ್ಮದು ಅರಬ್ ರಕ್ತವೆಂದು ದಿನಕ್ಕೊಮ್ಮೆ ಹೇಳದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಅಜ್ಜನ ಕಾಲದಿಂದ ಎಲ್ಲರೂ ಸೇದುತ್ತಿದ್ದ ಬಾವಿಗೆ ಮೀನಿನ ವಾಸನೆ ಹಿಡಿಯುತ್ತದೆಂದು ಅವರು ಬೇಲಿ ಕಟ್ಟಿಸಿ, ಬಾಗಿಲಿಟ್ಟು ಬೀಗ ಜಡಿದಿದ್ದರು. ನೀರಿಗೆ ಬೀಗ, ಅದೂ ಬೇಸಿಗೆಯಲ್ಲಿ! ನಾಗಿ ತಂದ ಮೀನು ಸಾಹೇಬರ ಅಡುಗೆಮನೆಯಲ್ಲಿ ನಾರುತ್ತಿರಲಿಲ್ಲ, ತಂದ ಕೈ ಮಾತ್ರ ನಾರುತ್ತಿತ್ತು. ಈ ನಾಚಿಕೆಗೇಡಿನ ಬಗ್ಗೆ ಊರಿನ ಹಿರಿಯರೊಬ್ಬರೂ ತುಟಿ ಬಿಚ್ಚಲಿಲ್ಲ. ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಬೀಬಿಯವರು ನಾಗಿಯ ಬಟ್ಟಲಿನ ಕಹ್ವಾವನ್ನು ಮಣ್ಣಿಗೆ ಚೆಲ್ಲಿ, ಬಟ್ಟಲನ್ನು ಸೆರಗಿಗೆ ಕಟ್ಟಿಕೊಂಡು ಎದ್ದರು.

ಜಕರಿಯಾ ಸಾಹೇಬರಿಗೆ ಬೀಬಿಯವರಲ್ಲಿ ನಂಬಿಕೆಯಿರಲಿಲ್ಲ. ಬೀಜ ಬೇಯಿಸಿದವರೆಲ್ಲ ಸಂತರಾಗುವುದಾದರೆ ನಮ್ಮ ಅಡಿಗೆಯವನೂ ಸಂತನೇ ಎಂದು ನಗುತ್ತಿದ್ದರು. ಆದರೆ ಆ ವಾರ ಅವರ ಮನೆಯಲ್ಲಿ ಮಸ್ಕತ್ತಿನ ಹಡಗಿನ ನಾಖುದಾ, ಅಂದರೆ ಯಜಮಾನ, ಅತಿಥಿಯಾಗಿದ್ದರು. ಅವರು ಮೆಚ್ಚುವಂಥ ಕಹ್ವಾ ಕಾಯಿಸಿಕೊಡಬೇಕೆಂದು ಬೀಬಿಯವರಿಗೆ ಹೇಳಿಕಳಿಸಿದ್ದರು, ಬೀಬಿಯವರು ಹೋಗಿರಲಿಲ್ಲ. ಈಗ ತಾವಾಗಿಯೇ ಬಂದದ್ದನ್ನು ಕಂಡು ಸಾಹೇಬರು ಹಿಗ್ಗಿದರು.

ಬೀಬಿಯವರು ಜಗಲಿಯಲ್ಲೇ ಹುರಿದು, ಕುಟ್ಟಿ, ಕುದಿಸಿ, ಹೂಜಿಯನ್ನು ಮನೆಯ ಯಜಮಾನರ ಕೈಗಿತ್ತು ಅತಿಥಿಗಳ ಸಾಲಿನಲ್ಲಿ ಕೂತರು. ಸೆರಗು ಬಿಚ್ಚಿ ನಾಗಿಯ ಬಟ್ಟಲನ್ನು ಮುಂದೆ ಹಿಡಿದರು. ಸಾಹೇಬರು ಬಗ್ಗಿಸಿದರು. ಬೀಬಿಯವರು ತುಟಿಗೆ ತಾಗಿಸದೆ ಅದನ್ನು ಕೆಳಗಿಟ್ಟರು. ನೋಡುತ್ತಿದ್ದ ನಾಖುದಾ ತಮ್ಮ ಬಟ್ಟಲನ್ನೂ ಕೆಳಗಿಟ್ಟು ಸಾಹೇಬರ ಮುಖವನ್ನೇ ನೋಡಿದರು.

ಅರಬ್ ರಕ್ತದ ಸಾಹೇಬರಿಗೆ ಒಂದೂ ತಿಳಿಯಲಿಲ್ಲ. ತಾವು ಜಿಪುಣತನ ಮಾಡಿದಂತಾಯಿತೆಂದುಕೊಂಡು, ನಗುತ್ತ ಬೀಬಿಯವರ ಬಟ್ಟಲನ್ನು ಅಂಚಿನವರೆಗೆ ತುಂಬಿಬಿಟ್ಟರು.

ನಾಖುದಾ ಎದ್ದು ನಿಂತರು. ಬೇಡಿಕೆ ಹೊತ್ತು ಬಂದ ತಾಯಿಯನ್ನು ಏನು ಬೇಕೆಂದೂ ಕೇಳದೆ ಎಬ್ಬಿಸಿ ಕಳಿಸುವ ಮನೆಯಲ್ಲಿ ತಮಗೂ ಜಾಗವಿಲ್ಲವೆಂದು ಚಪ್ಪಲಿ ಹುಡುಕತೊಡಗಿದರು. ಸಾಹೇಬರ ಮುಖ ಬಿಳಿಚಿಕೊಂಡಿತು. ಅಕ್ಕಿ ಬೇಕೆ, ಬಟ್ಟೆ ಬೇಕೆ, ಹಂಚಿನ ಮನೆ ಕಟ್ಟಿಸಿಕೊಡಲೇ ಎಂದು ಬೀಬಿಯವರನ್ನು ಅಂಗಲಾಚಿದರು.

“ನಿಮ್ಮ ಸೊಂಟದಲ್ಲಿರುವ ಕೀಲಿ,” ಎಂದರು ಬೀಬಿಯವರು.

ಸಾಹೇಬರಿಗೆ ರೇಗಿತು. ಆ ಮೀನಿನವರಿಗಾಗಿ ಇಷ್ಟೆಲ್ಲ ನಾಟಕವೇ, ಬಾವಿ ತೋಡಿಸಿದ್ದು ತಮ್ಮಜ್ಜ, ಅದು ತಮ್ಮ ಸ್ವತ್ತು ಎಂದು ಕೂಗಾಡಿದರು. ಬೀಬಿಯವರ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಏರಲಿಲ್ಲ.

“ಬಾವಿ ತೋಡಿಸಿದವರು ನಿಮ್ಮಜ್ಜ. ಅದರಲ್ಲಿ ನೀರಿಟ್ಟವನು ಅಲ್ಲಾಹ್. ಬೀಗ ಒಂದೇ ನಿಮ್ಮದು, ಸಾಹೇಬ್ರೆ. ನಿಮ್ಮದನ್ನು ನೀವು ತೆಗೆದುಕೊಳ್ಳಿ.”

ಅಷ್ಟು ದೊಡ್ಡ ಮನೆ, ಮರದ ರಾಶಿ ಇದ್ದೂ ತನ್ನದೆಂಬುದು ಒಂದು ಬೀಗ ಮಾತ್ರ ಎಂದು ಆಗ ಅನ್ನಿಸಿತೆಂದು ಸಾಹೇಬರೇ ಮುಪ್ಪಿನಲ್ಲಿ ಹೇಳುತ್ತಿದ್ದರಂತೆ. ಅವರು ಎದ್ದು ಹಿತ್ತಲಿಗೆ ಹೋದರು. ಬೀಗ ತೆಗೆದರು. ಆಳನ್ನು ಕರೆಯದೆ ತಾವೇ ನೀರು ಸೇದಿ, ಕೊಡವನ್ನು ಹೆಗಲಿಗೇರಿಸಿ, ಬೀದಿಯ ಜನ ನೋಡುತ್ತಿದ್ದಂತೆ ನಾಗಿಯ ಗುಡಿಸಲಿಗೆ ನಡೆದರು. ಬೀಬಿಯವರು ಆರಿಹೋಗಿದ್ದ ಕಹ್ವಾವನ್ನು ಕೊನೆಯ ಗುಟುಕಿನವರೆಗೂ ಕುಡಿದರು.

ಕೂಸು ಚೇತರಿಸಿಕೊಂಡಿತು. ಒಂದು ಸಂಜೆ ಕುಟ್ಟಾಣಿಯ ಸದ್ದು ಕೇಳಿ ಜಕರಿಯಾ ಸಾಹೇಬರೂ ಬಂದು, ಬಾಗಿಲ ಬಳಿ, ಎಲ್ಲರಿಗಿಂತ ಹಿಂದೆ, ನಾಗಿಯ ಪಕ್ಕದಲ್ಲಿ ಕೂತರು. ಒಳಗೆ ಕರೆಯುತ್ತಾರೋ ಕಳಿಸಿಬಿಡುತ್ತಾರೋ ಎಂಬ ಅಳುಕು ಅವರಿಗಿತ್ತು. ನಾಗಿ ಕುಡಿದು ಬಟ್ಟಲನ್ನು ಹಿಂದಿರುಗಿಸಿದಳು. ಬೀಬಿಯವರು ಅದನ್ನು ತೊಳೆಯದೆ ಅದರಲ್ಲೇ ಬಗ್ಗಿಸಿ ಸಾಹೇಬರಿಗೆ ನೀಡಿದರು. ಸಾಹೇಬರು ಎರಡೂ ಕೈಯಲ್ಲಿ ಪಡೆದು ಬಗ್ಗಿ ನೋಡಿದರು. ತಳ ಮುಚ್ಚುವಷ್ಟೇ ಇತ್ತು. ಅವರು ಅತ್ತುಬಿಟ್ಟರು.